ರೆಸಿನ್ ಕಲಸುವ ಮುನ್ನ

ಪ್ಲೈವುಡ್ ಮೀನು ತೊಟ್ಟಿಗೆ ಫೈಬರ್ ಪದರ ಹಾಕಲು ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ತಾರಸಿ ಮೇಲೆ ರೆಸಿನ್ ಕಲಸಲು ಕೂರಬೇಡಿ. 40 ಡಿಗ್ರಿ ಬಿಸಿಲಿಗೆ ಅದು ಡಬ್ಬಿಯಲ್ಲೇ ಗಟ್ಟಿಯಾಗಿ ಹೊಗೆಯಾಡೀತು. ಬೆಳಗ್ಗೆ ಬೇಗ, ಬೇಕಾದಷ್ಟೇ ಕಲಸಿ. ಪಾಲಿಯೆಸ್ಟರ್ ರೆಸಿನ್ ಆದರೆ ಮೊದಲು ಕೋಬಾಲ್ಟ್ ವೇಗವರ್ಧಕ ಹಾಕಿ ಚೆನ್ನಾಗಿ ಬೆರೆಸಿ, ಆಮೇಲೆ ಹಾರ್ಡನರ್. ಇವೆರಡನ್ನು ನೇರವಾಗಿ ಕೂಡಿಸಿದರೆ ಸಿಡಿಯುತ್ತದೆ. ಅಂಗಡಿಯವರು ಹೇಳಲು ಮರೆತಾರು.

ಪ್ಲೈವುಡ್ ತೊಟ್ಟಿ ಸಾಮಾನ್ಯವಾಗಿ ಕೈಕೊಡುವುದು ಮೂಲೆಗಳಲ್ಲಿ. ಫೈಬರ್ ಮ್ಯಾಟ್ ಚೂಪು ಮೂಲೆಗೆ ಬಗ್ಗದು, ಎದ್ದು ನಿಲ್ಲುತ್ತದೆ; ಅಡಿಯಲ್ಲಿ ಬೆಳ್ಳಗೆ ಗಾಳಿಗುಳ್ಳೆ. ಮೊದಲು ಪುಟ್ಟಿ ತುಂಬಿ, ಗ್ಲೌಸ್ ಹಾಕಿದ ಬೆರಳಿನಿಂದ ದುಂಡಗೆ ತೀಡಿ, ಮ್ಯಾಟ್ ಹಾಸಿ ರೋಲರ್ ಓಡಿಸಿ. ವಾಸನೆ ಪೂರ್ತಿ ಹೋಗಿ, ಹಲವು ಸಲ ನೀರು ಬದಲಾಯಿಸುವ ತನಕ ಮೀನು ತರಬೇಡಿ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಮಾತು: 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ನೀರೇ ಸುಮಾರು 680 ಕಿಲೋ. ಇಂಜಿನಿಯರರನ್ನು ಕೇಳಿಯೇ ಜಾಗ ಆರಿಸಿ.