ಟೆನ್ಷನ್ ತಿರುಪು ಮುಟ್ಟುವ ಮೊದಲು ಕಣ್ಣು ತೋರಿಸಿ

ಪ್ರಶ್ನೆ: ನನಗೆ 44 ವರ್ಷ. ಮನೆಯಲ್ಲೇ ರವಿಕೆ ಹೊಲಿದುಕೊಡುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಮಿಷನ್ ಅಮ್ಮನದು, ಕಾಲಲ್ಲಿ ತುಳಿಯುವ ಹಳೇ ಕಪ್ಪು ಮಿಷನ್. ಒಂದು ವರ್ಷದಿಂದ ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸುತ್ತಿಕೊಳ್ಳುತ್ತಿದೆ. ಟೆನ್ಷನ್ ಬಿಗಿ ಮಾಡಿದರೆ ಮೇಲಿನ ದಾರ ಹರಿಯುತ್ತದೆ. ಸಂಜೆಯಾದರೆ ಹುಬ್ಬಿನ ಮೇಲೆ ನೋವು, ಕತ್ತು ಹಿಡಿದುಕೊಳ್ಳುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ನೋವಿನ ಮಾತ್ರೆ ನುಂಗುತ್ತೇನೆ. ಕಣ್ಣಿಗೇನೂ ಆಗಿಲ್ಲ, ದೂರದಿಂದಲೇ ಬಸ್ ನಂಬರ್ ಓದುತ್ತೇನೆ. ಮಗಳು ದಾರ ಪೋಣಿಸಿಕೊಟ್ಟ ದಿನ ಮಾತ್ರ ಮಿಷನ್ ತಕರಾರು ಮಾಡುವುದಿಲ್ಲ. ಇದು ಕತ್ತಿನ ಮೂಳೆ ಸವೆತವೇ? ಮಿಷನ್ ಬದಲಾಯಿಸಿದರೆ ಸರಿಹೋಗುತ್ತದೆಯೇ?
— ಹೆಸರು ಬೇಡ, ನಂದಿನಿ ಲೇಔಟ್

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ಮಗಳು ದಾರ ಪೋಣಿಸಿದ ದಿನ ಅದೇ ಮಿಷನ್, ಅದೇ ಸೂಜಿ, ಅದೇ ರೀಲು ಸರಿಯಾಗಿ ಓಡುತ್ತವೆ. ಬದಲಾದದ್ದು ಪೋಣಿಸಿದ ಕಣ್ಣು ಮಾತ್ರ. ಹಾಗಾಗಿ ದಾರದ ತೊಂದರೆ, ಹುಬ್ಬಿನ ನೋವು, ಕತ್ತಿನ ಹಿಡಿತ ಮೂರೂ ಬೇರೆಬೇರೆ ಕಾಯಿಲೆಗಳಲ್ಲ ಎಂದೇ ನನ್ನ ಅಂದಾಜು. ಮೂರರ ಹಿಂದೆಯೂ ನಲವತ್ತು ದಾಟಿದ ಮೇಲೆ ಬರುವ ಹತ್ತಿರದ ಮಸುಕು, ಅಂದರೆ ಚಾಳೀಸು, ಇರುವ ಸಾಧ್ಯತೆ ಹೆಚ್ಚು. ಕಣ್ಣು ನೋಡದೆ ಇದನ್ನು ಖಚಿತವಾಗಿ ಹೇಳಲಾರೆ. ಆದರೆ ಕತ್ತಿನ ಎಕ್ಸ್‌ರೇಗೆ ಮೊದಲು ಆಗಬೇಕಾದದ್ದು ಕಣ್ಣಿನ ಪರೀಕ್ಷೆ ಎಂದು ಧೈರ್ಯವಾಗಿ ಹೇಳಬಲ್ಲೆ. ನಲವತ್ತು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವುದುಂಟು. ಕಂಡದ್ದೇ ನೋವಿಗೆ ಕಾರಣವಾಗಿರಬೇಕೆಂದಿಲ್ಲ.

ಮೊದಲು ಮಿಷನ್ ವಿಚಾರ ನೋಡೋಣ, ಏಕೆಂದರೆ ಸಾಕ್ಷಿ ಇರುವುದು ಅಲ್ಲೇ. ಅಡಿಯಲ್ಲಿ ದಾರ ಸುತ್ತಿಕೊಂಡರೆ ಎಲ್ಲರೂ ಬಾಬಿನ್ನನ್ನೇ ಬೈಯುತ್ತಾರೆ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ ಒಂದು ಚೂರು ಬಟ್ಟೆ ಹೊಲಿದು ನೋಡಿ. ಅಡಿಯಲ್ಲಿ ಸುತ್ತಿಕೊಂಡದ್ದು ಕೆಂಪಾಗಿದ್ದರೆ ತಪ್ಪು ಮೇಲಿನ ದಾರದ್ದು. ಆ ದಾರ ಟೆನ್ಷನ್ನಿನ ಎರಡು ಬಿಲ್ಲೆಗಳ ನಡುವೆ ಕೂರದೆ ಅಂಚಿನಲ್ಲೇ ಜಾರಿಕೊಂಡಿರುತ್ತದೆ, ಇಲ್ಲವೇ ಮೇಲೆ ಕೆಳಗೆ ಆಡುವ ಕೊಕ್ಕೆಯ ತೂತಿಗೆ ಹೋಗಿರುವುದಿಲ್ಲ. ಹಿಡಿಯುವವರಿಲ್ಲದ ದಾರ ಅಡಿಗೆ ಇಳಿದು ಗಂಟಾಗುತ್ತದೆ. ಅದನ್ನು ನೋಡಿ ನೀವು ತಿರುಪು ಬಿಗಿ ಮಾಡುತ್ತೀರಿ. ಇನ್ನೊಂದು ದಿನ ಅಪ್ಪಿತಪ್ಪಿ ದಾರ ಸರಿಯಾಗಿಯೇ ಕೂತಾಗ ಆ ಬಿಗಿ ಅತಿಯಾಗಿ ಪಟ್ ಎಂದು ಹರಿಯುತ್ತದೆ. ಎರಡು ತದ್ವಿರುದ್ಧ ತೊಂದರೆಗಳು ಒಂದೇ ಮಿಷನ್ನಿನಲ್ಲಿ ಸರದಿಯ ಮೇಲೆ ಬರುವುದು ಹೀಗೆ. ಬಿಲ್ಲೆಗಳ ಸಂದು, ಕೊಕ್ಕೆಯ ತೂತು, ಸೂಜಿಯ ಕಣ್ಣು ಎಲ್ಲವೂ ಕೈಯಳತೆಗಿಂತ ಹತ್ತಿರದಲ್ಲಿ, ಸಣ್ಣದಾಗಿ, ಹೆಚ್ಚಾಗಿ ನೆರಳಿನಲ್ಲಿ ಇರುವಂಥವು. ಕಪ್ಪು ಮಿಷನ್ನಿನ ಮೇಲೆ ಕಪ್ಪು ದಾರವಾದರೆ ಕೇಳುವುದೇ ಬೇಡ.

ಬಸ್ಸಿನ ನಂಬರ್ ಓದಬಲ್ಲಿರಿ ಎಂಬುದು ಇದಕ್ಕೆ ವಿರುದ್ಧವಾದ ಸಾಕ್ಷಿಯಲ್ಲ. ಚಾಳೀಸಿನಲ್ಲಿ ದೂರದ ನೋಟ ಹಾಗೇ ಇರುತ್ತದೆ. ಕಣ್ಣಿನೊಳಗಿನ ಮಸೂರ ವಯಸ್ಸಿನೊಂದಿಗೆ ಗಡುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ನಲವತ್ತರ ಆಸುಪಾಸಿನಲ್ಲಿ ಇದು ಬಹುತೇಕ ಎಲ್ಲರಿಗೂ ತಿಳಿಯತೊಡಗುತ್ತದೆ. ಆಗ ಕಣ್ಣಿನ ಒಳಸ್ನಾಯು ಗಂಟೆಗಟ್ಟಲೆ ಬಲವಂತವಾಗಿ ದುಡಿಯುತ್ತದೆ. ಕಣ್ಣು ಕಿರಿದು ಮಾಡಿ, ಹಣೆ ಗಂಟಿಕ್ಕಿ ನೋಡುತ್ತೀರಿ. ಸಂಜೆಗೆ ಹುಬ್ಬಿನ ಮೇಲೆ ಬರುವ ನೋವು ಇದರದ್ದೇ ಇರಬಹುದು. ಕತ್ತಿನ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಹಿಂದೆ ಸರಿದರೆ ಸೂಜಿ ಸಣ್ಣದಾಗುತ್ತದೆ, ಮುಂದೆ ಬಾಗಿದರೆ ಮಸುಕಾಗುತ್ತದೆ. ಈ ಎರಡರ ನಡುವೆ ತಲೆ ದಿನವಿಡೀ ಓಲಾಡುತ್ತದೆ. ನಮ್ಮ ತಲೆಯ ತೂಕ ಐದು ಕಿಲೋ ಆಸುಪಾಸು. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯ ಮೇಲೆ ಲೆಕ್ಕ ಹಾಕಿದಾಗ, ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋ ಎಂದು ಬಂತು. ಅದು ಮಾದರಿಯ ಲೆಕ್ಕ, ಜೀವಂತ ಕತ್ತಿನದ್ದಲ್ಲ. ಆದರೂ ಬಾಗಿದಷ್ಟೂ ಭಾರ ಹೆಚ್ಚು ಎಂಬುದರಲ್ಲಿ ತಕರಾರಿಲ್ಲ.

ಇನ್ನು ಕನ್ನಡಕದ ಮೇಲಿರುವ ಗುಮಾನಿ. ಒಮ್ಮೆ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತದೆ ಎನ್ನುತ್ತಾರೆ. ಏರುವುದು ನಿಜ, ಆದರೆ ಏರಿಸುವುದು ಕನ್ನಡಕವಲ್ಲ, ವಯಸ್ಸು. ಹಾಕಿದರೂ ಹಾಕದಿದ್ದರೂ ಸುಮಾರು ಅರವತ್ತರವರೆಗೆ ಏರಿ ನಿಲ್ಲುತ್ತದೆ. ಅಮ್ಮ ಇದೇ ಮಿಷನ್ನಿನಲ್ಲಿ ಕನ್ನಡಕವಿಲ್ಲದೆ ಹೊಲಿದರಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ದೂರದ ಮಸುಕು ಇದ್ದವರಿಗೆ ಕನ್ನಡಕವಿಲ್ಲದೆಯೇ ಹತ್ತಿರದ್ದು ವಯಸ್ಸಾದ ಮೇಲೂ ಕಾಣುತ್ತದೆ. ಅಂಥವರು ಎಪ್ಪತ್ತರಲ್ಲೂ ಸೂಜಿ ಪೋಣಿಸಿ ಮನೆಮಂದಿಯನ್ನು ನಾಚಿಸುತ್ತಾರೆ. ಹಗಲು ಬೆಳಕಿನಲ್ಲಿ ಹೊಲಿದವರಿಗೂ ಕಷ್ಟ ಕಡಿಮೆ, ಏಕೆಂದರೆ ಜೋರು ಬೆಳಕಿಗೆ ಪಾಪೆ ಕಿರಿದಾಗಿ ನೋಟ ಚುರುಕಾಗುತ್ತದೆ. ನಂದಿನಿ ಲೇಔಟ್, ಲಗ್ಗೆರೆ ಕಡೆಯ ಸಣ್ಣ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ನಡುಕೋಣೆಗೆ ಆ ಬೆಳಕು ಎಲ್ಲಿಂದ ಬರಬೇಕು? ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಮಿಷನ್ ಸಾಲಿನ ಮೇಲೇ ಟ್ಯೂಬ್‌ಲೈಟ್ ಇಳಿಬಿಟ್ಟಿರುತ್ತಾರೆ. ಮನೆಯಲ್ಲಿ ಹೊಲಿಯುವವರಿಗೆ ಬೆನ್ನ ಹಿಂದಿನ ಗೋಡೆಯ ದೀಪವೇ ಗತಿ, ಅದೂ ಅವರ ನೆರಳನ್ನೇ ಸೂಜಿಯ ಮೇಲೆ ಬೀಳಿಸುತ್ತದೆ.

ಓದುವ ಕನ್ನಡಕ ಓದದವರಿಗೆ ಏಕೆ ಎಂಬ ಮಾತಿಗೂ ಉತ್ತರ ಸಿಕ್ಕಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ಮತ್ತು ಅದಕ್ಕೆ ಮೇಲ್ಪಟ್ಟ 751 ಕಾರ್ಮಿಕರ ಮೇಲೆ ನಡೆದ ಪ್ರಯೋಗವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತಿರದ ಕನ್ನಡಕ ಪಡೆದವರು ಕಿತ್ತ ಎಲೆಯ ತೂಕ, ಪಡೆಯದವರಿಗಿಂತ ಶೇ. 21.7ರಷ್ಟು ಹೆಚ್ಚು ಏರಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹತ್ತಿರದ ನೋಟ ಬೇಡುವ ಕಸುಬಿನವರಿಗೆ ಕನ್ನಡಕ ಕೊಟ್ಟ ಪ್ರಯೋಗದಲ್ಲಿ ಎಂಟು ತಿಂಗಳಲ್ಲಿ ಆದಾಯ ಸುಮಾರು ಮೂರನೇ ಒಂದು ಭಾಗ ಹೆಚ್ಚಿತು. ಅದರ ವರದಿ ಬಂದದ್ದು 2024ರಲ್ಲಿ. ಎಲೆ ಕೀಳುವುದಕ್ಕಿಂತ ಸೂಜಿ ಪೋಣಿಸುವುದು ಕಣ್ಣಿಗೆ ಹಗುರವಾದ ಕೆಲಸವಂತೂ ಅಲ್ಲ.

ಆದ್ದರಿಂದ ಮೊದಲ ಕೆಲಸ ಕಣ್ಣಿನ ಪರೀಕ್ಷೆ. ಕೆ.ಆರ್. ಮಾರುಕಟ್ಟೆ ಹತ್ತಿರದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಬಹುದು. ನೀವು ಇಎಸ್‌ಐ ಕಾರ್ಡಿನಲ್ಲಿ ಅವಲಂಬಿತರಾಗಿ ಸೇರಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಹೋಗುವ ಮುನ್ನ ಮಿಷನ್ ಮುಂದೆ ನೆಟ್ಟಗೆ ಕೂತು, ಕಣ್ಣಿನಿಂದ ಸೂಜಿಗೆ ಎಷ್ಟು ಇಂಚು ಎಂದು ನಿಮ್ಮದೇ ಟೇಪಿನಲ್ಲಿ ಮಗಳಿಂದ ಅಳೆಸಿ ಬರೆದುಕೊಳ್ಳಿ. ಪುಸ್ತಕದ ದೂರಕ್ಕೆ ಕೊಟ್ಟ ನಂಬರ್ ಸೂಜಿಯ ದೂರಕ್ಕೆ ಹೊಂದಬೇಕೆಂದಿಲ್ಲ. ಎರಡು ಭಾಗದ ಬೈಫೋಕಲ್ ಮಿಷನ್ ಕೆಲಸಕ್ಕೆ ಅಷ್ಟು ಸರಿಯಲ್ಲ, ಕೆಳಗಿನ ಸಣ್ಣ ಭಾಗದಿಂದ ನೋಡಲು ಮತ್ತೆ ಗದ್ದ ಎತ್ತಬೇಕಾಗುತ್ತದೆ. ಹೊಲಿಗೆಗೆಂದೇ ಒಂದೇ ನಂಬರಿನ ಪ್ರತ್ಯೇಕ ಕನ್ನಡಕ ಉತ್ತಮ. ಫುಟ್‌ಪಾತಿನ ರೆಡಿಮೇಡ್ ಕನ್ನಡಕ ತಾತ್ಕಾಲಿಕವಾಗಿ ನಡೆಯುತ್ತದೆ, ಆದರೆ ಅದನ್ನು ಮಾರುವವರು ಕಣ್ಣಿನ ಒತ್ತಡ ನೋಡುವುದಿಲ್ಲ. ನಲವತ್ತರ ನಂತರ ಗ್ಲಾಕೋಮಾ, ಸಕ್ಕರೆ ಕಾಯಿಲೆ ಎರಡನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಲೇಬೇಕು. ಸೂಜಿ ಪೋಣಿಸುವ ಪುಟ್ಟ ತಂತಿಯ ಸಾಧನ ಅಂಗಡಿಯಲ್ಲಿ ಸಿಗುತ್ತದೆ, ಬಳಸಿ. ಅದು ಸೂಜಿಯ ಕಣ್ಣಿಗೆ ಆಯಿತು, ಟೆನ್ಷನ್ ಬಿಲ್ಲೆಯ ಸಂದು ನೋಡಲು ಆಗದು. ಸೂಜಿಯ ಪಕ್ಕಕ್ಕೆ ಬೆಳಕು ಬೀಳುವಂತೆ ಒಂದು ಎಲ್‌ಇಡಿ ದೀಪವನ್ನೂ ಇಡಿ.

ಕನ್ನಡಕ ಬರುವವರೆಗೆ ಬೆರಳನ್ನು ನಂಬಿ. ಫುಟ್ ಎತ್ತಿಯೇ ದಾರ ಹಾಕಿ. ಎತ್ತಿದಾಗ ಹೆಚ್ಚಿನ ಮಿಷನ್‌ಗಳಲ್ಲಿ ಬಿಲ್ಲೆಗಳು ಬಾಯಿ ತೆರೆದಿರುತ್ತವೆ, ಇಳಿಸಿದ ಮೇಲೆ ಹಾಕಿದ ದಾರ ಒಳಗೆ ಹೋಗುವುದೇ ಇಲ್ಲ. ಆಮೇಲೆ ದಾರ ಎಳೆಯಿರಿ. ಫುಟ್ ಮೇಲಿದ್ದಾಗ ಸಲೀಸಾಗಿ ಬಂದು, ಇಳಿಸಿದಾಗ ಬಿಗಿಯಾಗಬೇಕು. ಎರಡರಲ್ಲೂ ಒಂದೇ ಥರ ಬಂದರೆ ದಾರ ಕೂತಿಲ್ಲ, ಅಥವಾ ಸಂದಿನಲ್ಲಿ ನೂಲಿನ ಕಸ ಇದೆ. ಬಾಬಿನ್ ಕೇಸನ್ನು ದಾರದಲ್ಲಿ ತೂಗುಬಿಟ್ಟು ಮೆಲ್ಲಗೆ ಜಗ್ಗಿ, ಒಂದಿಷ್ಟು ಜಾರಿ ನಿಂತರೆ ಅದು ಸರಿಯಾಗಿದೆ. ಸೂಜಿ ಹೊಸದು ಹಾಕಿ, ಚಪ್ಪಟೆ ಬದಿ ಶಟಲ್ಲಿನ ಕಡೆಗಿರಲಿ, ದಾರ ಉದ್ದ ಗೀರಿನ ಕಡೆಯಿಂದ ಒಳಗೆ ಹೋಗಲಿ. ತೆಳು ಬಟ್ಟೆಗೆ 11, ಲೈನಿಂಗ್ ಹಾಕಿದ ಕಾಟನ್‌ಗೆ 14ನೇ ನಂಬರ್ ಸಾಕು. ಶುರು ಮಾಡುವಾಗ ಕೊಕ್ಕೆ ಮೇಲಿರಲಿ, ಚಕ್ರ ಹಿಂದಕ್ಕೆ ತಿರುಗದಿರಲಿ. ತುಳಿಯುವ ಮಿಷನ್ನಿನಲ್ಲಿ ಒಂದೇ ಒಂದು ತಪ್ಪು ತುಳಿತಕ್ಕೂ ದಾರ ಗಂಟಾಗುತ್ತದೆ. ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗುತ್ತದೆ. ಮಿಷನ್ ಎಣ್ಣೆಯನ್ನೇ ತನ್ನಿ. ಇಷ್ಟಾದ ಮೇಲೂ ತೊಂದರೆ ಉಳಿದರೆ ಮಾತ್ರ ತಿರುಪು ಮುಟ್ಟಿ, ಅದೂ ಕಾಲು ಸುತ್ತು.

ಹೊಸ ಮಿಷನ್ ಕೊಳ್ಳಬೇಡಿ ಎನ್ನಲಾರೆ. ಕಾಲು ನೋವಿದ್ದರೆ ಮೋಟಾರಿನಿಂದ ಅನುಕೂಲವಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವುಂಟು. ಆದರೆ ಬಿಲ್ಲೆಯ ನಡುವೆ ಕೂರದ ದಾರ ಮೋಟಾರಿನಲ್ಲಿ ಇನ್ನೂ ಬೇಗ ಗಂಟಾಗುತ್ತದೆ ಅಷ್ಟೇ. ಎರಕದ ಕಬ್ಬಿಣದ ಹಳೇ ಮಿಷನ್ನಿಗೆ ವಯಸ್ಸೇ ರೋಗ ಎಂದು ತೀರ್ಮಾನಿಸಲು ನಿಮ್ಮ ಪತ್ರದಲ್ಲಿ ಆಧಾರವಿಲ್ಲ, ಮಗಳ ಕೈಯಲ್ಲಿ ಅದು ಓಡುತ್ತಿದೆ.

ಮಾತ್ರೆಯ ಬಗ್ಗೆ ಕೊಂಚ ನಿಷ್ಠುರವಾಗಿ ಹೇಳಬೇಕು. ಅಡಿಯ ಗಂಟು ಕಂಡು ತಿರುಪು ಬಿಗಿ ಮಾಡಿದಂತೆಯೇ ಇದೂ. ಕಾರಣ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ವಾರಕ್ಕೆ ನಾಲ್ಕು ಎಂದರೆ ತಿಂಗಳಿಗೆ ಹದಿನಾರು. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮಿಶ್ರಣದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಕೆಲವು ಮಾತ್ರೆಗಳು ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡಕ್ಕೂ ಒಳ್ಳೆಯದಲ್ಲ. ಯಾವ ಮಾತ್ರೆ ಎಂದು ನೀವು ಬರೆದಿಲ್ಲ; ವೈದ್ಯರಿಗೆ ಅದರ ಪಟ್ಟಿಯನ್ನೇ ತೋರಿಸಿ. ಸರಿಯಾದ ಕನ್ನಡಕ, ಸರಿಯಾದ ಬೆಳಕು, ಅರ್ಧ ಗಂಟೆಗೊಮ್ಮೆ ಎದ್ದು ದೂರ ನೋಡುವ ಅಭ್ಯಾಸ ಇವಿಷ್ಟನ್ನು ಒಂದು ತಿಂಗಳು ಮಾಡಿಯೂ ಕತ್ತು ನೋಯುತ್ತಿದ್ದರೆ ನನ್ನ ಅಂದಾಜು ತಪ್ಪೆಂದಾಯಿತು, ಆಗ ಕತ್ತನ್ನೇ ಪರೀಕ್ಷಿಸಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದನ್ನೂ ಹೇಳಿ, ಮಣಿಕಟ್ಟಿನ ನರ ಒತ್ತಿರಬಹುದು. ಕೈಯ ಹಿಡಿತ ಸಡಿಲವಾಗುವುದು, ನಡೆಯುವಾಗ ತೂರಾಡುವುದು, ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಕಣ್ಣ ಮುಂದೆ ಮಿಂಚಿದಂತಾಗಿ ಪರದೆ ಇಳಿಯುವುದು — ಇವುಗಳಲ್ಲಿ ಯಾವುದೊಂದು ಕಂಡರೂ ಕನ್ನಡಕಕ್ಕೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.