ಮರದ ಮೇಲಿನ ಸೀತಾಳೆ: ಹೂ ಬಿಟ್ಟಾಗ ಗುರುತಿಸಿರಿ

ಮಲೆನಾಡಿನಲ್ಲಿ ಹಲಸು, ಮಾವಿನ ಮರಗಳ ಮೇಲಿನ ಸೀತಾಳೆಯನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವ ರೈತರುಂಟು. ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ರಸ ಹೀರುತ್ತದೆ; ಸೀತಾಳೆಯ ದಪ್ಪ ಬಿಳಿ ಬೇರು ತೊಗಟೆಗೆ ಅಂಟಿರುತ್ತದೆ, ಅಷ್ಟೆ. ಮರಕ್ಕೆ ಅದರಿಂದ ನಷ್ಟವಿಲ್ಲ.

ಸೀತಾಳೆಗಳಲ್ಲಿಯೂ ಜಾತಿಗಳು ಹಲವು. ರಿಂಕೋಸ್ಟೈಲಿಸ್, ಏರಿಡಿಸ್ ಎರಡಕ್ಕೂ ಪಟ್ಟಿಯಂಥ ದಪ್ಪ ಎಲೆ. ಮುಂಗಾರಿನ ಹೊತ್ತಿಗೆ ಎಲೆಯ ಬುಡದಿಂದ ಹೂಗೊಂಚಲು ಇಣುಕಿದಾಗಲೂ ಅವಸರ ಬೇಡ. ಎರಡರ ಗೊಂಚಲೂ ಜೋಲುತ್ತವೆ. ಹೂ ಅರಳಿದ ಮೇಲೆ ಒಂದನ್ನು ಪಕ್ಕದಿಂದ ನೋಡಿರಿ. ತುಟಿಯಂತಿರುವ ದಳದ ಬುಡದಲ್ಲಿ ಪುಟ್ಟ ಚೀಲವಿದೆ. ಅದು ಹಿಂದಕ್ಕೆ ಚಾಚಿದ್ದು, ಬಿಳಿ ಹೂವಿನ ಮೇಲೆ ನೇರಳೆ ಚುಕ್ಕೆಗಳಿದ್ದರೆ ರಿಂಕೋಸ್ಟೈಲಿಸ್ ರೆಟೂಸ. ಅಸ್ಸಾಮಿನ ಹೆಂಗಸರು ಬಿಹು ಹಬ್ಬದಲ್ಲಿ ಮುಡಿಯುವುದು ಇದನ್ನೇ. ಚೀಲ ಕೊಕ್ಕೆಯಂತೆ ಮುಂದಕ್ಕೆ ಬಾಗಿದ್ದರೆ ಏರಿಡಿಸ್. ಗುರುತಿಗೆ ಒಂದು ಹೂ ಸಾಕು, ಗಿಡ ಕೀಳಬೇಕಿಲ್ಲ.