ರೊಟ್ಟಿ ಉಬ್ಬುವ ಬಗೆ, ಬ್ರೆಡ್ಡು ಉಬ್ಬುವ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಊಟವೆಂದರೆ ಮೊದಲು ನೆನಪಾಗುವುದು ಜೋಳದ ರೊಟ್ಟಿ. ಅದರ ಮಗ್ಗುಲಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಖಾರದ ಚಟ್ನಿ, ಗಟ್ಟಿ ಮೊಸರು ಅಥವಾ ಬೆಣ್ಣೆ. ಈಚಿನ ವರ್ಷಗಳಲ್ಲಿ ಬೇಕರಿಗಳ ಮೂಲಕವೂ ಮೊಬೈಲಿನ ಅಡುಗೆ ಚಿತ್ರಗಳ ಮೂಲಕವೂ ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ತಿನಿಸಿನ ಪರಿಚಯವಾಗಿದೆ. ಗೋಧಿಹಿಟ್ಟಿನ ಸಣ್ಣ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿ, ನಡುನಡುವೆ ಬೆಳ್ಳುಳ್ಳಿಯ ಬೆಣ್ಣೆಯನ್ನೂ ಚೀಸನ್ನೂ ಸೇರಿಸಿ ಬೇಯಿಸಿದ, ಕೈಯಿಂದ ತುಣುಕು ತುಣುಕಾಗಿ ಕಿತ್ತು ತಿನ್ನುವ ಬ್ರೆಡ್ಡು ಅದು.

ಎರಡರಲ್ಲಿಯೂ ಇರುವುದು ಹಿಟ್ಟು, ನೀರು, ಉಪ್ಪು, ಬೆಂಕಿ. ಜೊತೆಗೆ ಬೆಳ್ಳುಳ್ಳಿ ಮತ್ತು ಹೈನು. ಹೀಗಿದ್ದೂ ಜೋಳದ ಹಿಟ್ಟಿಗೆ ಯೀಸ್ಟ್ ಬೆರೆಸಿದರೆ ಬ್ರೆಡ್ಡಾಗುವುದಿಲ್ಲ. ಬ್ರೆಡ್ಡಿನ ಕಣಕವನ್ನು ಜೋಳದ ಹಿಟ್ಟಿನಂತೆ ಬಡಿದರೆ ಅದು ಹರಡದೆ ಮತ್ತೆ ಮುದುಡಿಕೊಳ್ಳುತ್ತದೆ. ಇದು ಅಡುಗೆಯವರ ಕೈಗುಣದ ಮಾತಲ್ಲ, ಪದಾರ್ಥಗಳ ರಚನೆಯ ಮಾತು. ಅದನ್ನು ಕ್ರಮವಾಗಿ ವಿಚಾರಮಾಡೋಣ.

ಮೊದಲನೆಯ ಪ್ರಯೋಗ

ಒಂದು ಹಿಡಿ ಗೋಧಿಹಿಟ್ಟನ್ನು ನೀರು ಹಾಕಿ ಚೆನ್ನಾಗಿ ನಾದಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಬಳಿಕ ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ತಿಳಿಯಾಗುವವರೆಗೆ ತೊಳೆದ ಮೇಲೆ ಕೈಯಲ್ಲಿ ರಬ್ಬರಿನಂತೆ ಜಗ್ಗುವ ಅಂಟು ಮುದ್ದೆಯೊಂದು ಉಳಿಯುತ್ತದೆ. ಇದೇ ಗ್ಲೂಟೆನ್. ಇದನ್ನು ಹೀಗೆ ತೊಳೆದು ಬೇರ್ಪಡಿಸಿದ ವಿವರವನ್ನು ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ೧೭೪೫ರಲ್ಲಿ ಪ್ರಕಟಿಸಿದನು. ಜೋಳದ ಹಿಟ್ಟಿನಿಂದ ಇದೇ ಪ್ರಯೋಗವನ್ನು ಮಾಡಿದರೆ ಎಲ್ಲವೂ ಕದಡಿ ನೀರುಪಾಲಾಗುತ್ತದೆ. ಕೈಯಲ್ಲಿ ಏನೂ ಉಳಿಯುವುದಿಲ್ಲ.

ಗೋಧಿಯಲ್ಲಿ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ತಾಗಿ, ನಾದುವ ಕೈಯ ಒತ್ತಡವೂ ದೊರೆತಾಗ ಇವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಗ್ಲೂಟೆನಿನ್ ಆ ಬಲೆಗೆ ಬಿಗಿಯನ್ನೂ ಗ್ಲಯಾಡಿನ್ ಹಿಗ್ಗುವ ಗುಣವನ್ನೂ ಕೊಡುತ್ತದೆ. ಜೋಳದಲ್ಲಿಯೂ ಪ್ರೋಟೀನು ಇಲ್ಲದಿಲ್ಲ. ಆದರೆ ಅದರ ಮುಖ್ಯ ಪ್ರೋಟೀನಾದ ಕಾಫಿರಿನ್ ನೀರಿನೊಡನೆ ಸುಲಭವಾಗಿ ಬೆರೆಯದು. ಸೂಕ್ಷ್ಮ ಗುಳಿಗೆಗಳಾಗಿ ಕಾಳಿನೊಳಗೆ ಅಡಗಿರುತ್ತದೆ. ಆದಕಾರಣ ಎಷ್ಟು ನಾದಿದರೂ ಅದು ಬಲೆಯಾಗದು.

ರೊಟ್ಟಿಯ ಉಪಾಯ

ಬಲೆಯಿಲ್ಲದ ಹಿಟ್ಟನ್ನು ಒಂದುಗೂಡಿಸುವುದು ಹೇಗೆ? ನಮ್ಮ ತಾಯಂದಿರು ಈ ಪ್ರಶ್ನೆಯನ್ನು ಕುದಿಯುವ ಎಸರಿನಿಂದ ಬಿಡಿಸಿದ್ದಾರೆ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಹಾಗೆಯೇ ಉಳಿಯುತ್ತವೆ. ಸುಮಾರು ೭೦ ಸೆಂಟಿಗ್ರೇಡ್ ಡಿಗ್ರಿಯ ಆಸುಪಾಸಿನಲ್ಲಿ ನೀರನ್ನು ಹೀರಿ ಊದಿ ಗಂಜಿಯಾಗುತ್ತವೆ. ಎಸರು ಬಿದ್ದ ಹಿಟ್ಟಿನಲ್ಲಿ ಒಂದು ಪಾಲು ಪಿಷ್ಟ ಹೀಗೆ ಅಂಟಾಗಿ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಪ್ರೋಟೀನು ಮಾಡದ ಕೆಲಸವನ್ನು ಇಲ್ಲಿ ಪಿಷ್ಟ ಮಾಡುತ್ತದೆ.

ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ನೀರು ಸವರುವುದುಂಟು. ಇದರಿಂದ ಆ ಮೈ ಬೇಗ ಒಣಗಿ ಬಿರಿಯುವುದಿಲ್ಲ. ಮಗುಚಿ ಬೇಯಿಸಿದಾಗ ಎರಡು ಮೈಗಳೂ ಗಟ್ಟಿಯಾಗಿ, ನಡುವಿನ ನೀರು ಆವಿಯಾಗುತ್ತದೆ. ೧೦೦ ಡಿಗ್ರಿಯಲ್ಲಿ ಒಂದು ಗ್ರಾಮ್ ನೀರು ಸುಮಾರು ೧.೭ ಲೀಟರಿನಷ್ಟು ಆವಿಯಾಗಿ ಹಿಗ್ಗುತ್ತದೆ. ರೊಟ್ಟಿಯೊಳಗಿನ ಪೊಳ್ಳು ೩೦೦ ಘನ ಸೆಂಟಿಮೀಟರೆಂದು ಇಟ್ಟುಕೊಂಡರೂ ಅದನ್ನು ತುಂಬಲು ಒಂದು ಗ್ರಾಮಿನ ಐದನೆಯ ಒಂದು ಪಾಲು ನೀರು ಸಾಕು. ಎಲ್ಲಿಯಾದರೂ ಸೀಳು ಬಿದ್ದಿದ್ದರೆ ಆವಿ ಅಲ್ಲಿಂದ ಹೊರಟುಹೋಗಿ ರೊಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ.

ಬ್ರೆಡ್ಡಿನ ಉಪಾಯ

ಬ್ರೆಡ್ಡಿನಲ್ಲಿ ಒಂದು ದೊಡ್ಡ ಪೊಳ್ಳಿನ ಬದಲು ಅಸಂಖ್ಯ ಸಣ್ಣ ಗುಳ್ಳೆಗಳು ಬೇಕು. ಅವುಗಳಿಗೆ ಅನಿಲವನ್ನು ತುಂಬುವುದು ಯೀಸ್ಟ್ ಎಂಬ ಏಕಕೋಶಜೀವಿ. ಹುದುಗುವಿಕೆ ಜೀವಕೋಶಗಳ ಕೆಲಸವೆಂದು ಲೂಯಿ ಪಾಸ್ತರನು ತೋರಿಸಿದನು. ಯೀಸ್ಟನ್ನು ಅರೆದು ಹಿಂಡಿದ ರಸವೂ ಅದೇ ಕೆಲಸ ಮಾಡುವುದೆಂದು ೧೮೯೭ರಲ್ಲಿ ಬುಕ್ನರನು ತೋರಿಸಿದ ಮೇಲೆ ಕಿಣ್ವಗಳ ಪಾತ್ರ ಸ್ಪಷ್ಟವಾಯಿತು. ಯೀಸ್ಟ್ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತದೆ.

ಇಲ್ಲಿ ಒಂದು ಚಿಕ್ಕ ಲೆಕ್ಕ. ೧೮೦ ಗ್ರಾಮ್ ಗ್ಲೂಕೋಸಿನಿಂದ ೮೮ ಗ್ರಾಮ್ ಇಂಗಾಲದ ಡೈಆಕ್ಸೈಡು ದೊರೆಯುತ್ತದೆ. ೩೦ ಡಿಗ್ರಿಯಲ್ಲಿ ಇದರ ಗಾತ್ರ ಸುಮಾರು ೫೦ ಲೀಟರು. ಎಂದರೆ ಒಂದು ಗ್ರಾಮ್ ಗ್ಲೂಕೋಸಿಗೆ ಸುಮಾರು ೨೭೬ ಘನ ಸೆಂಟಿಮೀಟರು. ೨೫೦ ಗ್ರಾಮ್ ಹಿಟ್ಟಿನ ಕಣಕದ ಗಾತ್ರ ಸುಮಾರು ೩೮೦ ಘನ ಸೆಂಟಿಮೀಟರು. ಅದು ಇಮ್ಮಡಿಯಾಗಲು ಒಂದೂವರೆ ಗ್ರಾಮಿಗಿಂತ ಕಡಿಮೆ ಸಕ್ಕರೆ ಸಾಕಾಗುತ್ತದೆ. ಕಬ್ಬಿನ ನಾಡಾದ ಮುಧೋಳ, ಜಮಖಂಡಿಗಳಲ್ಲಿ ಬೆಲ್ಲಕ್ಕೆ ಕೊರತೆಯಿಲ್ಲವಷ್ಟೆ. ಒಂದು ಚಿಕ್ಕ ಚಮಚ ಬೆಲ್ಲ ಧಾರಾಳವಾಯಿತು.

ಮಾಡುವ ಕ್ರಮ

ಮೈದಾ ೨೫೦ ಗ್ರಾಮ್, ಒಣ ಯೀಸ್ಟ್ ಒಂದು ಚಿಕ್ಕ ಚಮಚ, ಬೆಲ್ಲ ಒಂದು ಚಿಕ್ಕ ಚಮಚ, ಉಪ್ಪು ಮುಕ್ಕಾಲು ಚಿಕ್ಕ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು ೧೬೦ ಘನ ಸೆಂಟಿಮೀಟರು. ನೀರು ಕೈಗೆ ಸುಡುವಂತಿರಬಾರದು. ೬೦ ಡಿಗ್ರಿಯ ಹತ್ತಿರ ಯೀಸ್ಟ್ ಸಾಯುತ್ತದೆ. ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ, ಇಮ್ಮಡಿಯಾಗುವವರೆಗೆ ಬಿಡಬೇಕು. ೩೦ ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಈ ಸೀಮೆಯ ಉಷ್ಣತೆ ೪೦ ಡಿಗ್ರಿ ಮುಟ್ಟುವುದರಿಂದ ಆಗ ನೆರಳಿನ ತಂಪು ಜಾಗವನ್ನು ಹುಡುಕಬೇಕು. ಇಲ್ಲವಾದರೆ ಕಣಕ ಅತಿಯಾಗಿ ಹುದುಗಿ ಹುಳಿಯಾಗುತ್ತದೆ. ಗಡಿಯಾರವನ್ನಲ್ಲ, ಗಾತ್ರವನ್ನು ನೋಡಿ ನಿರ್ಣಯಿಸುವುದೇ ಸರಿಯಾದ ಮಾರ್ಗ.

ಬೆಳ್ಳುಳ್ಳಿಯ ಎಂಟು ಎಸಳುಗಳನ್ನು ಜಜ್ಜಿ ಹತ್ತು ನಿಮಿಷ ಹಾಗೆಯೇ ಇಡಿ. ಇಡೀ ಎಸಳಿಗೆ ಅಷ್ಟು ವಾಸನೆಯಿಲ್ಲ. ಅದರಲ್ಲಿರುವ ಅಲ್ಲಿಯಿನ್ ಎಂಬ ಗಂಧಕಯುಕ್ತ ವಸ್ತುವೂ ಅಲ್ಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಜಜ್ಜಿದಾಗ ಕೂಡಿ ಅಲ್ಲಿಸಿನ್ ಉಂಟಾಗುತ್ತದೆ. ಈ ಅಲ್ಲಿಸಿನ್ನನ್ನು ೧೯೪೪ರಲ್ಲಿ ಕವಾಲಿಟೋ ಮತ್ತು ಬೇಲಿ ಎಂಬವರು ಪ್ರತ್ಯೇಕಿಸಿದರು. ಬಿಸಿ ತಾಗಿದರೆ ಕಿಣ್ವ ಕೆಡುವುದರಿಂದ ಜಜ್ಜಿದ ಮೇಲೆ ಕಾಯಬೇಕು, ಆಮೇಲೆ ಕರಗಿಸಿದ ೫೦ ಗ್ರಾಮ್ ಬೆಣ್ಣೆಗೆ ಸೇರಿಸಬೇಕು. ಈ ಬೆಣ್ಣೆಯನ್ನು ಅಂದೇ ಮುಗಿಸುವುದು ಲೇಸು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆ ಬೆಣ್ಣೆಗಳಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಟ್ಟರೆ, ಗಾಳಿಯಿಲ್ಲದೆಡೆ ಬೆಳೆಯುವ ಬೊಟ್ಯುಲಿಸಮ್ ರೋಗಾಣು ಅಲ್ಲಿ ಪ್ರಾಣಾಂತಿಕ ವಿಷವನ್ನು ಉಂಟುಮಾಡಬಲ್ಲದು.

ಹುದುಗಿದ ಕಣಕದಿಂದ ಚಿಕ್ಕ ನಿಂಬೆಯ ಗಾತ್ರದ ಇಪ್ಪತ್ತು ಉಂಡೆಗಳನ್ನು ಮಾಡಿ, ಬೆಣ್ಣೆಯಲ್ಲಿ ಹೊರಳಿಸಿ, ನಡುವೆ ೧೦೦ ಗ್ರಾಮ್ ಚೀಸಿನ ತುರಿಯನ್ನು ಉದುರಿಸುತ್ತ ಎಣ್ಣೆ ಸವರಿದ ತಟ್ಟೆಯಲ್ಲಿ ಜೋಡಿಸಿ. ಜಿಡ್ಡಿನ ತೆಳುಪೊರೆ ಇರುವುದರಿಂದ ಒಂದು ಉಂಡೆಯ ಗ್ಲೂಟೆನ್ ಬಲೆ ಮತ್ತೊಂದರ ಬಲೆಯೊಡನೆ ಬೆಸೆಯುವುದಿಲ್ಲ. ಬೆಂದ ಬ್ರೆಡ್ಡು ಚಾಕುವಿಲ್ಲದೆ ಬಿಡಿಬಿಡಿಯಾಗಿ ಬರುವುದರ ಗುಟ್ಟು ಇಷ್ಟೇ. ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, ೧೮೦ ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ ೨೫ರಿಂದ ೩೦ ನಿಮಿಷ ಬೇಯಿಸಿ. ಅದು ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಣ ಮರಳು ಹರಡಿ, ಮುಚ್ಚಿ ಕಾಲು ಗಂಟೆ ಕಾಯಿಸಿ, ಅದರೊಳಗೆ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಸುಮಾರು ೪೦ ನಿಮಿಷ ಬೇಯಿಸಬಹುದು.

ಒಲೆಯೊಳಗೆ ನಡೆಯುವುದೇನು?

ಚಾರ್ಲ್ಸನ ನಿಯಮದಂತೆ ೩೦ ಡಿಗ್ರಿಯ ಅನಿಲ ೯೦ ಡಿಗ್ರಿಗೆ ಬಂದರೆ ಅದರ ಗಾತ್ರ ೩೬೩ರಿಂದ ೩೦೩ಕ್ಕೆ ಇರುವ ಪ್ರಮಾಣದಲ್ಲಿ, ಎಂದರೆ ನೂರಕ್ಕೆ ಇಪ್ಪತ್ತರಷ್ಟು, ಹೆಚ್ಚುತ್ತದೆ. ಆದರೆ ಗುಳ್ಳೆಯೊಳಗೆ ನೀರಿನ ಆವಿಯೂ ಸೇರುತ್ತದೆ. ಆವಿಯ ಒತ್ತಡ ೩೦ ಡಿಗ್ರಿಯಲ್ಲಿ ಪಾದರಸದ ೩೨ ಮಿಲಿಮೀಟರು, ೯೦ ಡಿಗ್ರಿಯಲ್ಲಿ ೫೨೬ ಮಿಲಿಮೀಟರು. ಒಟ್ಟು ಒತ್ತಡ ೭೬೦ ಎಂದಿಟ್ಟುಕೊಂಡರೆ ಅನಿಲದ ಪಾಲು ೭೨೮ರಿಂದ ೨೩೪ಕ್ಕೆ ಇಳಿಯಬೇಕು. ಅದಕ್ಕಾಗಿ ಗುಳ್ಳೆ ಮೂರೂಮುಕ್ಕಾಲು ಪಟ್ಟಿಗೆ ಹಿಗ್ಗಲು ಯತ್ನಿಸುತ್ತದೆ. ನಿಜದಲ್ಲಿ ಅಷ್ಟು ಹಿಗ್ಗುವುದಿಲ್ಲ. ಅಷ್ಟರೊಳಗೆ ಪಿಷ್ಟ ಬೆಂದು, ಗ್ಲೂಟೆನ್ ಗಟ್ಟಿಯಾಗಿ, ಗೋಡೆಗಳು ನಿಂತುಬಿಡುತ್ತವೆ. ಅಲ್ಲಿಯವರೆಗೆ ಒಡೆಯದೆ ಹಿಗ್ಗಬಲ್ಲ ಗೋಡೆ ಗೋಧಿಗೆ ಉಂಟು, ಜೋಳಕ್ಕಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಇದೇ.

ಚೀಸು ದಾರದಂತೆ ಜಗ್ಗುವುದಕ್ಕೂ ಕಾರಣವುಂಟು. ಹಾಲಿನ ಕೇಸೀನ್ ಪ್ರೋಟೀನಿನ ಕಣಗಳನ್ನು ಸುಣ್ಣದ ಫಾಸ್ಫೇಟು ಹಿಡಿದಿರುತ್ತದೆ. ಮೊಟ್ಸರೆಲ್ಲಾ ಚೀಸಿನಲ್ಲಿ ಹುಳಿಯ ಪ್ರಮಾಣ ಹದವಾಗಿದ್ದು ಆ ಹಿಡಿತ ಅರ್ಧ ಸಡಿಲವಾಗಿರುತ್ತದೆ. ಬಿಸಿಯಾದಾಗ ಕೇಸೀನ್ ಎಳೆಗಳು ಜಾರುತ್ತವೆ, ಆದರೆ ತುಂಡಾಗವು. ಕಾದ ಹಾಲಿಗೆ ಹುಳಿ ಹಿಂಡಿ ಮಾಡಿದ ಪನೀರಿನಲ್ಲಿ ಕಣಗಳು ಬೇರೆ ಬಗೆಯಲ್ಲಿ ಕಚ್ಚಿಕೊಂಡಿರುವುದರಿಂದ ಅದು ಕರಗುವುದೂ ಇಲ್ಲ, ಜಗ್ಗುವುದೂ ಇಲ್ಲ.

ಹಾಗಾದರೆ ಜೋಳ ಗೋಧಿಗಿಂತ ಕೀಳೆ? ಎಂದಿಗೂ ಅಲ್ಲ. ಕೆಲವರ ಕರುಳಿಗೆ ಗ್ಲೂಟೆನ್ನೇ ಶತ್ರು. ಗೋಧಿಗೂ ಸೀಲಿಯಾಕ್ ಎಂಬ ಆ ರೋಗಕ್ಕೂ ಇರುವ ಸಂಬಂಧವನ್ನು ನೆದರ್ಲೆಂಡಿನ ವೈದ್ಯ ಡಿಕೆ ೧೯೫೦ರಲ್ಲಿ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಅಂಥವರಿಗೆ ಗೋಧಿಯ ಸೋಂಕಿಲ್ಲದೆ ಬೀಸಿದ ಜೋಳ ನಿರ್ಭಯವಾದ ಅನ್ನ. ಅಲ್ಲದೆ, ಗೋಧಿಗೆ ಬೇಕಾದಷ್ಟು ನೀರಿಲ್ಲದ ಎರೆಭೂಮಿಯಲ್ಲಿಯೂ ಹಿಂಗಾರಿ ಜೋಳ ಮಣ್ಣಿನ ಹಸಿಯನ್ನೇ ನಂಬಿ ಬೆಳೆಯುತ್ತದೆ. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳವೂ ಆ ಪಂಕ್ತಿಯಲ್ಲಿತ್ತು.

ಕೊನೆಯಲ್ಲಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಕೆಲಸವೊಂದಿದೆ. ಮೈದಾದಲ್ಲಿ ನೂರಕ್ಕೆ ೦, ೧೦, ೨೫, ೫೦ರಂತೆ ಜೋಳದ ಹಿಟ್ಟನ್ನು ಬೆರೆಸಿ, ಯೀಸ್ಟ್, ನೀರು, ವೇಳೆ, ಉಷ್ಣತೆಗಳನ್ನು ಬದಲಿಸದೆ, ಒಂದೇ ಅಳತೆಯ ಗಾಜಿನ ಲೋಟಗಳಲ್ಲಿ ಕಣಕ ಏರುವ ಎತ್ತರವನ್ನು ಹತ್ತು ನಿಮಿಷಕ್ಕೊಮ್ಮೆ ಅಳೆದು ರೇಖಾಚಿತ್ರ ಬರೆಯಿರಿ. ಗ್ಲೂಟೆನ್ ಎಷ್ಟು ಕಡಿಮೆಯಾದರೆ ಗೋಡೆ ಸೋಲುತ್ತದೆ ಎಂಬುದು ಆ ರೇಖೆಯಲ್ಲಿ ಕಾಣುತ್ತದೆ. ಅಳತೆ ಮುಗಿದ ಮೇಲೆ ಬೇಯಿಸಿ, ಮನೆಯವರೊಡನೆ ಹಂಚಿಕೊಂಡು ತಿನ್ನಲು ಅಡ್ಡಿಯಿಲ್ಲ.